ಕೋಡ್ ಸರಿಯಿದೆ, ಬಣ್ಣ ಕೂಡ್ತಿಲ್ಲ: 1979ರ ಮರ್ಸಿಡಿಸ್‌ಗೆ ಟಚ್‌ಅಪ್ ಪೇಂಟ್

ದಂತವರ್ಣ79
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1979ರ ಮರ್ಸಿಡಿಸ್ ಇದೆ, ಡಬ್ಲ್ಯು123 ಸರಣಿಯ 240ಡಿ ಡೀಸೆಲ್ ಮಾಡೆಲ್. ಜರ್ಮನಿಯಲ್ಲಿ ಓಡಿದ ಗಾಡಿ, ಹಡಗಿನಲ್ಲಿ ಬಂದದ್ದು. ಬಣ್ಣ ತಿಳಿ ದಂತದ್ದು, ಅವರ ಭಾಷೆಯಲ್ಲಿ ಹೆಲ್‌ಎಲ್ಫೆನ್‌ಬೈನ್. ಬಾನೆಟ್ ಎತ್ತಿದರೆ ರೇಡಿಯೇಟರ್ ಮೇಲಿನ ಅಡ್ಡಪಟ್ಟಿಯಲ್ಲಿ ತಗಡಿನ ಪ್ಲೇಟ್ ಇದೆ. ಅದರಲ್ಲಿ ಬಣ್ಣದ ಕೋಡ್ 623 ಅಂತ ಸ್ಪಷ್ಟವಾಗಿ ಒತ್ತಿದ್ದಾರೆ.

ಎಡಗಡೆ ಮುಂದಿನ ಫೆಂಡರ್‌ನಲ್ಲಿ, ಹೆಡ್‌ಲೈಟ್ ಹಿಂದೆ, ಒಂದು ಗೀರು ಬಿದ್ದಿದೆ. ಬೆರಳುದ್ದ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತೆ, ಒಂದು ಕಡೆ ಬೂದು ಪ್ರೈಮರ್, ಅಂದರೆ ಪೇಂಟಿನ ಕೆಳಗಿನ ತಳಪದರ, ಕಾಣುತ್ತೆ. ಎಡ ಬಾಗಿಲ ಅಂಚಿನಲ್ಲೂ ಎರಡು ಕಡೆ ಪೇಂಟ್ ಚಕ್ಕೆ ಎದ್ದಿದೆ. ಕೋಡ್ ಕೊಟ್ಟು ಒಂದು ಚಿಕ್ಕ ಬಾಟಲಿ ಟಚ್‌ಅಪ್ ಪೇಂಟ್ ಮಾಡಿಸಿದೆ. ಗೀರಿನ ಒಂದು ತುದಿಗೆ ಸ್ವಲ್ಪ ಹಚ್ಚಿ ನೋಡಿದೆ. ಒಣಗಿದ ಮೇಲೆ ಗೀರಿಗಿಂತ ಅದೇ ಜಾಸ್ತಿ ಎದ್ದು ಕಾಣ್ತಿದೆ. ಬಾಟಲಿಯದು ಹಳದಿ ಜಾಸ್ತಿ, ಗಾಡಿಯದು ಬಿಳಿಚಿಕೊಂಡ ಹಾಗೆ.

ಕೋಡ್ ಸರಿಯಿದ್ದರೂ ಬಣ್ಣ ಯಾಕೆ ಕೂಡಲ್ಲ? ಬೇರೆ ಬಾಟಲಿ ಮಾಡಿಸಲಾ, ಇಲ್ಲ ಇದಕ್ಕೇ ಬಿಳಿ ಸೇರಿಸಲಾ? ಹಚ್ಚಿದ್ದನ್ನು ಥಿನ್ನರ್ ಹಾಕಿ ಒರೆಸಿಬಿಡಲಾ? ಬಹಳ ದಿನ ಕಾದು ತಂದ ಗಾಡಿ ಇದು. ನನ್ನ ಕೈಯಿಂದ ಹಾಳಾಗಬಾರದು ಅನ್ನೋದೇ ಚಿಂತೆ.

ಸ್ಪ್ರೇಬೂತ್
ಥಿನ್ನರ್ ಸದ್ಯಕ್ಕೆ ಮುಟ್ಟಬೇಡಿ. ಒಂದೇ ಪ್ರಶ್ನೆ. ಹೋಲಿಸೋ ಮುಂಚೆ ಪಾಲಿಶ್ ಹೊಡೆದ್ರಾ?

ದಂತವರ್ಣ79
ಇಲ್ಲ ಸರ್. ಶಾಂಪೂ ಹಾಕಿ ತೊಳೆದು ಒರೆಸಿದೆ, ಅಷ್ಟೇ.

ಸ್ಪ್ರೇಬೂತ್
ಹಾಗಾದರೆ ನಿಮ್ಮ ಕಣ್ಣಿಗೆ ಬಿದ್ದಿರೋದು ಸತ್ತ ಪದರ.

ಆ ಕಾಲದ ಡಬ್ಲ್ಯು123ರಲ್ಲಿ ಮೆಟಾಲಿಕ್ ಬಣ್ಣಗಳ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಇರ್ತಿತ್ತು. ದಂತ, ಬಿಳಿ, ಕೆಂಪು ಥರದ ಸಾದಾ ಬಣ್ಣಗಳಿಗೆ ಅದಿಲ್ಲ. ಬಣ್ಣವೂ ಅದೇ ಪದರ, ಹೊಳಪೂ ಅದೇ ಪದರ. ಇದಕ್ಕೆ ಸಿಂಗಲ್ ಸ್ಟೇಜ್ ಅಂತೀವಿ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಮೇಲಿನ ರೆಸಿನ್, ಅಂದರೆ ಬಣ್ಣ ಹಿಡಿದಿಡೋ ಅಂಟು, ಸವೆದು ಬಣ್ಣ ಕೊಡೋ ಪಿಗ್ಮೆಂಟ್ ಪುಡಿ ಉಳಿಯುತ್ತೆ. ಬೆರಳಲ್ಲಿ ಉಜ್ಜಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಅಂಟುತ್ತೆ. ಆ ಪುಡಿ ಬೆಳಕನ್ನ ಚೆದುರಿಸುತ್ತೆ. ಅದಕ್ಕೇ ಕೆಳಗಿನ ಬಣ್ಣ ಬಿಳಿಚಿಕೊಂಡು ಕಾಣೋದು.

ಒಂದು ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಬಾಗಿಲ ಮೇಲೆ ಅಂಗೈ ಅಗಲ ಉಜ್ಜಿ. ಬಟ್ಟೆಗೆ ದಂತದ ಬಣ್ಣ ಬಂದರೆ ಸಿಂಗಲ್ ಸ್ಟೇಜ್ ಅಂತ ಖಾತ್ರಿ. ಉಜ್ಜಿದ ಜಾಗಕ್ಕೂ ಪಕ್ಕದ ಜಾಗಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ. ಆಮೇಲೆ ಬಾಟಲಿ ಸರಿಯಿಲ್ಲ ಅನ್ನೋಣ. ಪಾಲಿಶ್ ಹೊಡೆಯದೆ ಬಣ್ಣ ಕೂಡಿಸೋಕೆ ಹೋದರೆ ನೀವು ಕೊಳೆಗೆ ಬಣ್ಣ ಕೂಡಿಸಿದ ಹಾಗೆ. ನಾಳೆ ಯಾರೋ ಪಾಲಿಶ್ ಹೊಡೆದರೆ ಗಾಡಿಯ ಬಣ್ಣ ಬದಲಾಗುತ್ತೆ, ನಿಮ್ಮ ಟಚ್‌ಅಪ್ ಮಾತ್ರ ಇದ್ದಲ್ಲೇ ಇರುತ್ತೆ.

ಜಡ್240
ಇಷ್ಟೆಲ್ಲ ಯಾಕೆ? ಇದು ಜರ್ಮನ್ ಟ್ಯಾಕ್ಸಿ ಬಣ್ಣ. ಆರ್‌ಎಎಲ್ 1015. ಯಾವ ಪೇಂಟ್ ಅಂಗಡಿಯಲ್ಲಾದ್ರೂ ಸ್ಪ್ರೇ ಕ್ಯಾನ್ ಸಿಗುತ್ತೆ. ತಗೊಂಡು ಹೊಡೀರಿ.

ಮೈಕ್ರಾನ್
ಅಲ್ಲೇ ಎಡವೋದು. ಎರಡೂ ಬಣ್ಣದ ಹೆಸರು ಒಂದೇ, ಬಣ್ಣವೂ ತೀರಾ ಹತ್ತಿರ. ಆದರೆ ಆರ್‌ಎಎಲ್ ಅನ್ನೋದು ಒಂದು ಮಾದರಿ ಕಾರ್ಡು. ಅದನ್ನ ನೋಡಿಕೊಂಡು ಪ್ರತಿ ಕಂಪನಿಯೂ ತನ್ನ ಪಿಗ್ಮೆಂಟ್‌ನಲ್ಲಿ ತನ್ನ ಥರ ಬೆರೆಸುತ್ತೆ. ಗೇಟಿಗೆ ಹೊಡೆಯೋ ಕ್ಯಾನ್ ಮೇಲೂ 1015 ಅಂತಲೇ ಬರೆದಿರುತ್ತೆ. ಹೊಳಪು ಬೇರೆ, ಗಟ್ಟಿತನ ಬೇರೆ. ತಿಳಿ ಬಣ್ಣದಲ್ಲಿ ಒಂದು ಚೂರು ಹಳದಿ ಆಚೀಚೆ ಆದರೂ ಕಣ್ಣು ಹಿಡಿದುಬಿಡುತ್ತೆ.

ನಾನು ಬಣ್ಣ ಅಳೆಯೋ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ. ಜನ ಕಪ್ಪು ಕಷ್ಟ, ಕೆಂಪು ಕಷ್ಟ ಅಂತಾರೆ. ನನಗೆ ಯಾವಾಗಲೂ ತಲೆನೋವು ಕೊಡೋದು ದಂತ, ತಿಳಿಬೂದು, ಮಾಸಲು ಬಿಳಿ ಇವೇ.

ಬೀಟಲ್‌ಮನೆ
ಹಾಗಾದರೆ ಇವರ ಗಾಡಿ ಹಳೇ ಟ್ಯಾಕ್ಸಿನಾ?

ಜಡ್240
ಇರಬಹುದು. ಪಶ್ಚಿಮ ಜರ್ಮನಿಯಲ್ಲಿ 1971ರಿಂದ ಟ್ಯಾಕ್ಸಿಗೆ ಇದೇ ಬಣ್ಣ ಅಂತ ನಿಯಮ ಆಯ್ತು. 240ಡಿ ಅಂದರೆ ಟ್ಯಾಕ್ಸಿಯವರ ಅಚ್ಚುಮೆಚ್ಚು. ಚಾವಣಿಯ ಒಳಬಟ್ಟೆ ಬಿಚ್ಚಿ ನೋಡಿ, ದೀಪ ಕೂರಿಸಿದ ತೂತು ಮುಚ್ಚಿದ ಗುರುತು ಇರುತ್ತೆ. ಡ್ಯಾಶ್‌ಬೋರ್ಡಿನಲ್ಲೂ ಮೀಟರ್ ಕೂರಿಸಿದ ತೂತು ಇರಬಹುದು.

ದಂತವರ್ಣ79
ಡ್ಯಾಶ್‌ಬೋರ್ಡಿನಲ್ಲಿ ತೂತು ಇಲ್ಲ. ಚಾವಣಿ ಬಿಚ್ಚೋಕೆ ಹೋಗಲ್ಲ. ಟ್ಯಾಕ್ಸಿ ಆಗಿದ್ರೂ ನನಗೆ ಬೇಜಾರಿಲ್ಲ, ಹೆಮ್ಮೆನೇ. ಅಷ್ಟು ದುಡಿದೂ ಇನ್ನೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ.

ಮೂಲರೂಪ
ಆ ಬಣ್ಣದಲ್ಲಿ ಖಾಸಗಿ ಗಾಡಿಗಳೂ ಮಾರಾಟ ಆಗಿವೆ. ಬಣ್ಣ ನೋಡಿ ಟ್ಯಾಕ್ಸಿ ಅನ್ನೋಕಾಗಲ್ಲ. ಗಾಡಿಯ ಡೇಟಾ ಕಾರ್ಡ್ ತರಿಸಿಕೊಳ್ಳಿ. ಫ್ಯಾಕ್ಟರಿಯಿಂದ ಹೊರಟಾಗ ಯಾವ ಬಣ್ಣ, ಒಳಗಿನ ಸೀಟು ಯಾವುದು, ಏನೇನು ಆಪ್ಷನ್ ಅಂತೆಲ್ಲ ಅದರಲ್ಲಿ ಇರುತ್ತೆ. ಪ್ಲೇಟನ್ನ ಯಾರಾದ್ರೂ ಬದಲಿಸಿರಬಹುದು. ಕಾರ್ಡಿನ ಜೊತೆ ತಾಳೆ ನೋಡೋದು ಒಳ್ಳೇದು.

ಇನ್ನೊಂದು ಮಾತು. ಗೀರನ್ನ ಹಾಗೇ ಬಿಡಿ. ನಲವತ್ತು ವರ್ಷ ದಾಟಿದ ಗಾಡಿಗೆ ಗೀರು ಇರೋದೇ ಅಂದ. ಮೂಲ ಪೇಂಟ್ ಒಂದೇ ಸಲ ಸಿಗೋದು.

ತುಕ್ಕುವೈರಿ
ಪ್ರೈಮರ್ ಕಾಣ್ತಿದೆ ಅಂತ ಅವರೇ ಹೇಳಿದ್ದಾರೆ. ಬಿಡಿ ಅಂತ ಹೇಗೆ ಹೇಳ್ತೀರಿ? ಪ್ರೈಮರ್ ಕೆಳಗೆ ಕಬ್ಬಿಣ. ಆ ಕಾಲದ ಪ್ರೈಮರ್ ನೀರು ಕುಡಿಯುತ್ತೆ. ಡಬ್ಲ್ಯು123ರ ಫೆಂಡರ್ ಹೆಡ್‌ಲೈಟ್ ಹಿಂದೆನೇ ಮೊದಲು ತೂತು ಬೀಳೋದು, ಯಾಕಂದ್ರೆ ಒಳಗಡೆ ಅಲ್ಲೇ ಕೆಸರು ಕೂರುತ್ತೆ. ಹೊರಗಿಂದಲೂ ನೀರು ಇಳಿದರೆ ಎರಡೂ ಕಡೆಯಿಂದ ತಿಂದುಹಾಕುತ್ತೆ. ಅಂದ ಅಂತ ಬಿಟ್ಟರೆ ನಾಲ್ಕು ವರ್ಷಕ್ಕೆ ಫೆಂಡರ್ರೇ ಬದಲಿಸಬೇಕು. ಆಗ ಮೂಲ ಪೇಂಟೂ ಇಲ್ಲ, ಮೂಲ ಫೆಂಡರೂ ಇಲ್ಲ.

ಮೂಲರೂಪ
ಹಾಗೇ ಬಿಡಿ ಅಂದರೆ ನೀರಿಗೆ ಬಿಡಿ ಅಂತ ಅಲ್ಲ. ಮೇಣ ಹಚ್ಚಿದರೆ ಸಾಕು.

ತುಕ್ಕುವೈರಿ
ಮೇಣ ಎರಡು ತೊಳೆತಕ್ಕೆ ಹೋಗುತ್ತೆ ಸರ್.

ಹಸಿರು ರೋಡ್‌ಸ್ಟರ್
ನನ್ನ ಅನುಭವ ಹೇಳ್ತೀನಿ. ನನ್ನದು ಹಸಿರು ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. "ಬ್ರಿಟಿಷ್ ರೇಸಿಂಗ್ ಗ್ರೀನ್" ಅಂತ ಕೇಳಿ ಪೇಂಟ್ ತಂದಿದ್ದೆ. ಆ ಹೆಸರಲ್ಲಿ ಒಂದಲ್ಲ, ಹತ್ತಾರು ಹಸಿರು ಇವೆ ಅಂತ ಆಮೇಲೆ ಗೊತ್ತಾಯ್ತು. ಒಂದು ಕಂಪನಿಯೊಳಗೇ ಬೇರೆ ಬೇರೆ ವರ್ಷಕ್ಕೆ ಬೇರೆ ಬೇರೆ. ಹಾಗಾಗಿ ಬಣ್ಣದ ಹೆಸರು ನಂಬಲೇಬೇಡಿ, ಕೋಡ್ ಕೇಳಿ. ಬ್ರಿಟಿಷ್ ಗಾಡಿ ಇರೋರಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್‌ನಿಂದ ಸರ್ಟಿಫಿಕೇಟ್ ಸಿಗುತ್ತೆ. ಹಳೇ ಫ್ಯಾಕ್ಟರಿ ದಾಖಲೆ ನೋಡಿ ಮೂಲ ಬಣ್ಣ ಬರೆದುಕೊಡ್ತಾರೆ. ನನ್ನದರ ಮೂಲ ಬಣ್ಣ ಹಸಿರೇ ಅಂತ ಕಾಗದದಲ್ಲಿ ಓದಿದಾಗ ಆದ ಖುಷಿ ಇನ್ನೂ ನೆನಪಿದೆ.

ಆಮೇಲೆ ಕೋಡ್ ಪ್ರಕಾರ ಪೇಂಟ್ ಬಂತು. ಶೆಡ್‌ನಲ್ಲಿ ಹಳದಿ ಬಲ್ಬ್ ಕೆಳಗೆ ಇಟ್ಟು ನೋಡಿದೆ. ಎಷ್ಟು ಚೆನ್ನಾಗಿ ಕೂಡ್ತು ಅಂದರೆ ಹಚ್ಚಿದ ಜಾಗ ಹುಡುಕಬೇಕಾಯ್ತು. ಬೆಳಗ್ಗೆ ಗಾಡಿ ಹೊರಗೆ ತಂದೆ. ಬಾಗಿಲ ಕೆಳಗೆ ಆರು ಚುಕ್ಕೆ, ಆರೂ ಕಂದು ಬಣ್ಣಕ್ಕೆ ತಿರುಗಿದ ಹಾಗೆ. ನಿಂತಲ್ಲೇ ಅಳು ಬಂತು.

ಮೈಕ್ರಾನ್
ಮೇಡಂ ಹೇಳಿದ್ದು ಬಹಳ ಮುಖ್ಯ. ಇದಕ್ಕೆ ಮೆಟಾಮೆರಿಸಂ ಅಂತಾರೆ. ಎರಡು ಪೇಂಟ್‌ಗಳನ್ನ ಬೇರೆ ಬೇರೆ ಪಿಗ್ಮೆಂಟ್‌ನಿಂದ ಮಾಡಿದ್ದರೆ ಒಂದು ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ, ಇನ್ನೊಂದರಲ್ಲಿ ಬೇರೆ ಆಗುತ್ತವೆ. ಹಳೇ ಗಾಡಿಗಳಿಗೆ ಇದು ಜಾಸ್ತಿ. ಆಗಿನ ಹಳದಿ, ಕಿತ್ತಳೆ, ಕೆಲವು ಕೆಂಪುಗಳಲ್ಲಿ ಸೀಸದ ಕ್ರೋಮೇಟ್ ಪಿಗ್ಮೆಂಟ್ ಇರ್ತಿತ್ತು. ಹಸಿರಿಗೂ ಅದೇ ಹಳದಿ ಬೆರೆಸ್ತಿದ್ರು. ಸೀಸ ವಿಷ ಅಂತ ಕೈಬಿಟ್ಟರು. ಈಗ ಅದೇ ಕೋಡ್ ಕೊಟ್ಟರೂ ಬೇರೆ ಪಿಗ್ಮೆಂಟ್ ಹಾಕಿಯೇ ಆ ಬಣ್ಣ ತರಬೇಕು.

ಆದ್ದರಿಂದ ಕನಿಷ್ಠ ಮೂರು ಬೆಳಕಿನಲ್ಲಿ ನೋಡಿ. ನೇರ ಬಿಸಿಲು, ನೆರಳು, ಒಳಗಿನ ದೀಪ. ನನ್ನ ಪ್ರಕಾರ ಮೋಡ ಮುಸುಕಿದ ಹಗಲು ಎಲ್ಲಕ್ಕಿಂತ ಒಳ್ಳೇದು. ಪಕ್ಕದಲ್ಲಿ ಕೆಂಪು ಗೋಡೆ, ಹಸಿರು ಗಿಡ ಇರಬಾರದು. ಅದರ ಬಣ್ಣ ಫೆಂಡರ್ ಮೇಲೆ ಬೀಳುತ್ತೆ. ಹಾಕಿಕೊಂಡ ಅಂಗಿಯೂ ಬಿಳಿ ಅಥವಾ ಬೂದು ಇರಲಿ.

ಜಡ್240
ಅಂಗಿವರೆಗೂ ಹೋಯ್ತಾ! ಸರಿ, ನಾಳೆ ನಾನೂ ನೋಡ್ತೀನಿ. ನನ್ನ ಡಾಟ್ಸನ್ 240ಜಡ್ ಬಣ್ಣದ ಕೋಡ್ 918, ಕಿತ್ತಳೆ. ಬಾಗಿಲ ಟಚ್‌ಅಪ್ ಸಂಜೆ ಹೊತ್ತು ಒಂದು ಥರ, ಮಧ್ಯಾಹ್ನ ಒಂದು ಥರ ಕಾಣುತ್ತೆ ಅಂತ ನನ್ನ ಕಣ್ಣನ್ನೇ ಬೈಕೊಳ್ತಿದ್ದೆ.

ತುಕ್ಕುವೈರಿ
ಸೀಸದ ಮಾತು ಬಂತು, ಇದನ್ನೂ ಹೇಳ್ತೀನಿ. ಹಳೇ ಪೇಂಟನ್ನ ಒಣಗಿದ್ದಂಗೆ ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಹಾಕಿಯೇ ಉಜ್ಜಿ, ಆ ನೀರನ್ನ ಬಟ್ಟೆಯಲ್ಲಿ ಒರೆಸಿ ತೆಗೀರಿ. ಮಕ್ಕಳನ್ನ ಹತ್ತಿರ ಬಿಡಬೇಡಿ. ಹಾರ್ಡನರ್ ಹಾಕೋ ಟೂಕೆ ಪೇಂಟ್ ಸ್ಪ್ರೇ ಮಾಡೋದಾದ್ರೆ ಅದರಲ್ಲಿ ಐಸೊಸಯನೇಟ್ ಅನ್ನೋ, ಶ್ವಾಸಕೋಶಕ್ಕೆ ಕೆಟ್ಟ ರಾಸಾಯನಿಕ ಇರುತ್ತೆ. ಬಟ್ಟೆ ಮಾಸ್ಕ್ ಏನೂ ತಡೆಯಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರೋ ಮಾಸ್ಕ್ ಬೇಕು. ಇಲ್ಲದಿದ್ದರೆ ಆ ಕೆಲಸ ಪೇಂಟರ್‌ಗೆ ಬಿಡಿ. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬರಿಗೆ ಇದರಿಂದ ಆಸ್ತಮಾ ಹತ್ತಿಕೊಂಡಿತು. ಇವತ್ತಿಗೂ ಪೇಂಟ್ ವಾಸನೆ ಇರೋ ಕಡೆ ನಿಲ್ಲೋಕಾಗಲ್ಲ ಅವರಿಗೆ.

ಹೊಸಬ_03
ನನ್ನದು ಬೆಳ್ಳಿ ಮೆಟಾಲಿಕ್, ಅದೂ ಡಬ್ಲ್ಯು123, ಕೋಡ್ 735. ಬ್ರಷ್‌ನಲ್ಲಿ ಹಚ್ಚಿದರೆ ಕಪ್ಪು ಚುಕ್ಕೆ ಥರ ಕಾಣುತ್ತೆ. ಬಾಟಲಿ ತಪ್ಪಾ?

ಸ್ಪ್ರೇಬೂತ್
ಬಾಟಲಿ ಸರಿಯೇ ಇರಬಹುದು. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳು ತೇಲ್ತಿರುತ್ತವೆ. ಸ್ಪ್ರೇ ಗನ್‌ನಿಂದ ಹೊಡೆದಾಗ ಅವು ಚಾಪೆ ಹಾಸಿದ ಹಾಗೆ ಮಲಗುತ್ತವೆ. ಬೆಳಕು ಕಣ್ಣಿಗೆ ವಾಪಸ್ ಬರುತ್ತೆ. ಬ್ರಷ್‌ನಲ್ಲಿ ದಪ್ಪಗೆ ಇಟ್ಟಾಗ ಅಡ್ಡಾದಿಡ್ಡಿ ನಿಲ್ಲುತ್ತವೆ, ಒಳಗೆ ಮುಳುಗುತ್ತವೆ. ಹಾಗಾಗಿ ಕಪ್ಪಗೆ ಕಾಣುತ್ತೆ. ಗನ್‌ನಲ್ಲೂ ಅಷ್ಟೇ, ಒದ್ದೆಯಾಗಿ ಹೊಡೆದರೆ ಗಾಢ, ಒಣಒಣ ಹೊಡೆದರೆ ತಿಳಿ. ಒಂದೇ ಡಬ್ಬಿ, ಎರಡು ಕೈ, ಎರಡು ಬಣ್ಣ.

ಕಲ್ಲೇಟಿನ ಚುಕ್ಕೆಗೆ ಬ್ರಷ್ ಸಾಕು. ಎರಡು ಹೆಜ್ಜೆ ದೂರದಿಂದ ಕಾಣಲ್ಲ. ಉದ್ದ ಗೀರು ಮೆಟಾಲಿಕ್‌ನಲ್ಲಿ ಇದ್ದರೆ ಏರ್‌ಬ್ರಷ್ ಬೇಕು, ಮೇಲೆ ಕ್ಲಿಯರ್ ಬೇಕು. ದೊಡ್ಡದಿದ್ದರೆ ಪಕ್ಕದ ಪ್ಯಾನೆಲ್‌ವರೆಗೂ ಬ್ಲೆಂಡ್ ಮಾಡಲೇಬೇಕು. ಬಣ್ಣವನ್ನ ಅಂಚಿನಲ್ಲಿ ತೆಳುವಾಗಿಸುತ್ತ ಹೋಗಿ, ಕ್ಲಿಯರ್ ಅನ್ನು ಇಡೀ ಪ್ಯಾನೆಲ್‌ಗೆ ಹೊಡೆಯೋದು.

ಬೀಟಲ್‌ಮನೆ
ನಾನು ಮೆಟಾಲಿಕ್‌ಗೂ ಬ್ರಷ್ಷೇ ಹಾಕಿದೀನಿ, ಚೆನ್ನಾಗೇ ಬಂದಿದೆ.

ಸ್ಪ್ರೇಬೂತ್
ಗಾಢ ಬಣ್ಣದ ಮೆಟಾಲಿಕ್ ಇರಬೇಕು. ಬೆಳ್ಳಿಗೆ ಹಾಗಾಗಲ್ಲ.

ಬೀಟಲ್‌ಮನೆ
ಹೌದು, ಗಾಢ ನೀಲಿ. ಒಪ್ಪಿದೆ.

ದಂತವರ್ಣ79
ಭಾನುವಾರ ಇಡೀ ಕೂತು ಮಾಡಿದೆ. ಒಂದೊಂದಾಗಿ ಹೇಳ್ತೀನಿ.

ಬಾಗಿಲ ಮೇಲೆ ಪಾಲಿಶ್ ಉಜ್ಜಿದೆ. ಬಟ್ಟೆ ದಂತದ ಬಣ್ಣಕ್ಕೆ ತಿರುಗಿತು. ಉಜ್ಜಿದ ಜಾಗ ನೋಡಿ ದಂಗಾದೆ. ಇಷ್ಟು ವರ್ಷ ನಾನು ನೋಡ್ತಿದ್ದ ಗಾಡಿಯೇ ಅಲ್ಲ ಅದು. ಒಳಗಿಂದ ಬೆಚ್ಚನೆಯ ಹಳದಿ ಎದ್ದು ಬಂದಿದೆ. ಡಿಕ್ಕಿಯ ಚಾಪೆ ಎತ್ತಿ ಕೆಳಗಿನ ಬಣ್ಣ ನೋಡಿದೆ, ಅಲ್ಲೂ ಅದೇ ಹಳದಿ. ಬಾಟಲಿ ಪೇಂಟ್ ಒಂದು ಹನಿ ಬಾಗಿಲ ಅಂಚಿಗೆ ಇಟ್ಟೆ. ಒಣಗಿದ ಮೇಲೆ ಕಾಣಿಸಲೇ ಇಲ್ಲ!

ಆದರೆ ಫೆಂಡರ್ ಮೇಲೆ ಎಷ್ಟು ಉಜ್ಜಿದರೂ ಅಷ್ಟೇ. ಹೊಳಪು ಬಂತು, ಹಳದಿ ಬರಲಿಲ್ಲ. ಬಾಟಲಿ ಬಣ್ಣ ಅಲ್ಲಿ ಈಗಲೂ ಎದ್ದು ಕಾಣುತ್ತೆ. ಬಟ್ಟೆಗೂ ಬಣ್ಣ ಅಷ್ಟಾಗಿ ಬರಲಿಲ್ಲ. ಒಂದೇ ಗಾಡಿ, ಒಂದು ಕಡೆ ಕೂಡುತ್ತೆ, ಒಂದು ಕಡೆ ಇಲ್ಲ. ಏನಿದು?

ಮೈಕ್ರಾನ್
ಫೆಂಡರ್‌ಗೆ ಮತ್ತೆ ಪೇಂಟ್ ಆಗಿದೆ. ಪಂದ್ಯ ಕಟ್ತೀನಿ. ಪೇಂಟ್ ದಪ್ಪ ಅಳೆಯೋ ಮೀಟರ್ ಯಾರ ಹತ್ತಿರವಾದ್ರೂ ಇಸ್ಕೊಳ್ಳಿ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತೆ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ). 200 ದಾಟಿ ಹೋದರೆ ಮೇಲೆ ಇನ್ನೊಂದು ಪೇಂಟ್ ಬಿದ್ದಿದೆ ಅಂತ ಅನುಮಾನಿಸಬೇಕು. ತುಂಬಾ ಜಾಸ್ತಿ ತೋರಿಸಿದರೆ ಒಳಗೆ ಪುಟ್ಟಿ ಇದೆ. ಒಂದು ಪ್ಯಾನೆಲ್‌ಗೆ ಐದಾರು ಕಡೆ ಅಳೆಯಿರಿ.

ಸ್ಪ್ರೇಬೂತ್
ನನ್ನ ಮಾತೂ ಅದೇ. ಮೀಟರ್ ಬರೋವರೆಗೆ ಇನ್ನೊಂದು ನೋಡಿ. ಬಾನೆಟ್ ತೆಗೆದು ಫೆಂಡರ್‌ನ ಬೋಲ್ಟ್ ತಲೆ ಗಮನಿಸಿ. ಸ್ಪ್ಯಾನರ್ ಬಿದ್ದ ಗುರುತು, ಅಂಚಲ್ಲಿ ಪೇಂಟ್ ಒಡೆದಿದ್ದು ಇದ್ದರೆ ಫೆಂಡರ್ ಒಮ್ಮೆ ಬಿಚ್ಚಿದಾರೆ. ಈ ಗಾಡಿಯಲ್ಲಿ ಮುಂದಿನ ಫೆಂಡರ್ ಬೋಲ್ಟ್‌ನದು, ಬಿಚ್ಚಿ ಬದಲಿಸೋದು ಸುಲಭ. ಹೆಡ್‌ಲೈಟ್ ರಬ್ಬರ್, ಬೀಡಿಂಗ್ ಮೇಲೆ ಪೇಂಟಿನ ತುಂತುರು ಇದೆಯಾ ಅಂತಲೂ ಟಾರ್ಚ್ ಬಿಟ್ಟು ನೋಡಿ.

ದಂತವರ್ಣ79
ಮೀಟರ್ ಸಿಕ್ತು. ಬಾಗಿಲು 110ರಿಂದ 130. ಚಾವಣಿ 120. ಬಲ ಫೆಂಡರ್ 115. ಎಡ ಫೆಂಡರ್ 310ರಿಂದ 340. ಬೋಲ್ಟ್ ತಲೆಯಲ್ಲಿ ಸ್ಪ್ಯಾನರ್ ಗುರುತು ಸ್ಪಷ್ಟ. ಇಂಡಿಕೇಟರ್ ರಬ್ಬರ್ ಅಂಚಿನಲ್ಲಿ ದಂತದ ಬಣ್ಣದ ಒಂದು ಕೂದಲೆಳೆ ಗೆರೆ ಇದೆ. ಅದನ್ನ ನೋಡಿದ ಮೇಲೆ ಬೇರೆ ಸಾಕ್ಷಿ ಬೇಡ. ಯಾರೋ ಯಾವತ್ತೋ ಈ ಫೆಂಡರ್‌ಗೆ ಪೇಂಟ್ ಹೊಡೆದಿದ್ದಾರೆ, ಮಾಸಿದ ಬಾಗಿಲಿಗೆ ಹೋಲಿಸಿಕೊಂಡು.

ಸ್ಪ್ರೇಬೂತ್
ಅದೇ ಆಗಿರೋದು. ಪಾಲಿಶ್ ಹೊಡೆಯದೆ ಬಣ್ಣ ಕೂಡಿಸಿದಾರೆ. ಅವತ್ತು ಕೂಡಿರುತ್ತೆ, ಇವತ್ತು ಬಿಟ್ಟುಕೊಡ್ತಿದೆ.

ಮೂಲರೂಪ
ಹಾಗಾದರೆ ನನ್ನ ಅಭಿಪ್ರಾಯ ಬದಲಿಸ್ತೀನಿ. ಫೆಂಡರ್ ಮೇಲಿರೋದು ಮೂಲ ಪೇಂಟ್ ಅಲ್ಲ. ಇಡೀ ಫೆಂಡರ್ ಉಜ್ಜಿ 623ಕ್ಕೆ ಸರಿಯಾಗಿ ಮತ್ತೆ ಹೊಡೆಸಿ. ತಪ್ಪು ಬಣ್ಣಕ್ಕೆ ತಪ್ಪು ಟಚ್‌ಅಪ್ ಕೂಡಿಸೋದು ಸರಿಯಲ್ಲ.

ಬೀಟಲ್‌ಮನೆ
ಬೆರಳುದ್ದ ಗೀರಿಗೆ ಇಡೀ ಫೆಂಡರ್? ಆಮೇಲೆ ಬಾಗಿಲಿಗೆ ಬ್ಲೆಂಡ್ ಮಾಡಬೇಕು ಅಂತಾರೆ, ಬಾಗಿಲ ಮೂಲ ಪೇಂಟ್ ಹೋಯ್ತು.

ಸ್ಪ್ರೇಬೂತ್
ಸಿಂಗಲ್ ಸ್ಟೇಜ್ ಸಾದಾ ಬಣ್ಣ, ಬಾಗಿಲಿಗೆ ಕೈ ಹಚ್ಚದೆ ಮಾಡಬಹುದು. ಫೆಂಡರ್ ಬಾಗಿಲ ಹತ್ತಿರ ಮುಗಿಯುತ್ತೆ, ಅಲ್ಲಿ ಸಂದು ಇದೆ. ಆದರೆ ಕೋಡ್ ನೋಡಿ ಹೊಡೆದರೆ ಸಾಲದು. ದೊಡ್ಡ ಪೇಂಟ್ ಕಂಪನಿಗಳು, ಗ್ಲಾಸುರಿಟ್, ಸ್ಟ್ಯಾಂಡಾಕ್ಸ್ ಥರದವು, ಹಳೇ ಬಣ್ಣಗಳ ಫಾರ್ಮುಲಾ ಇಟ್ಟಿವೆ. ಒಂದೇ ಕೋಡ್‌ಗೆ ಎರಡು ಮೂರು ವೇರಿಯಂಟ್ ಇರಬಹುದು. ಎಲ್ಲವನ್ನೂ ಕಾರ್ಡಿನ ಮೇಲೆ ಹೊಡೆದು ಪಾಲಿಶ್ ಮಾಡಿದ ಬಾಗಿಲ ಪಕ್ಕ ಹಿಡಿದು ಆರಿಸಬೇಕು.

ಹೊಸಬ_03
ಕ್ಯಾಮರಾ ಥರ ಒಂದು ಯಂತ್ರ ಇಟ್ಟು ಬಣ್ಣ ಓದ್ತಾರಲ್ಲ, ಅದು ಮಾಡಿಸಿದರೆ ಆಯ್ತಲ್ವಾ?

ಮೈಕ್ರಾನ್
ಸ್ಪೆಕ್ಟ್ರೋಫೋಟೋಮೀಟರ್. ಒಳ್ಳೆ ಉಪಕರಣ, ದಿನವೂ ಬಳಸ್ತೀನಿ. ಮೆಟಾಲಿಕ್‌ಗೆ ಹಲವು ಕೋನದಿಂದ ಓದೋ ಯಂತ್ರ ಬೇಕು, ಯಾಕಂದ್ರೆ ನೇರಕ್ಕೆ ಒಂದು ಬಣ್ಣ, ಓರೆಗೆ ಒಂದು ಬಣ್ಣ. ಸಾದಾ ಬಣ್ಣಕ್ಕೆ ಅಷ್ಟು ಬೇಕಿಲ್ಲ. ಆದರೆ ಅದು ಓದೋದು ಕಣ್ಣೆದುರಿಗೆ ಇರೋದನ್ನ. ಕೊಳೆ ಇಟ್ಟರೆ ಕೊಳೆಯ ಫಾರ್ಮುಲಾ ಕೊಡುತ್ತೆ. ಪಾಲಿಶ್ ಆದ, ಚಪ್ಪಟೆ ಜಾಗದಲ್ಲಿ ಮೂರು ನಾಲ್ಕು ಸಲ ಓದಿಸಬೇಕು. ತನ್ನ ಪಟ್ಟಿಯಲ್ಲಿ ಇರೋದ್ರಲ್ಲಿ ಹತ್ತಿರದ್ದನ್ನ ಅದು ಆರಿಸಿ ಕೊಡುತ್ತೆ. ಕೊನೆಯ ತೀರ್ಪು ಕಾರ್ಡು ಮತ್ತು ಕಣ್ಣಿನದೇ.

ಬೀಟಲ್‌ಮನೆ
ಸುಮ್ನೆ ಫೋರ್ಡ್ ಮಾಡೆಲ್ ಟಿ ಇಟ್ಕೋಬೇಕಿತ್ತು. 1914ರಿಂದ 1925ರವರೆಗೆ ಕಪ್ಪು ಒಂದೇ.

ಮೈಕ್ರಾನ್
ಕಪ್ಪಲ್ಲೂ ನೀಲಿ ಕಪ್ಪು, ಕಂದು ಕಪ್ಪು ಅಂತ ಇದೆ ಸರ್. ಆಗಿನ ಪೇಂಟ್ ಒಣಗೋಕೆ ದಿನಗಟ್ಟಲೆ ಹಿಡೀತಿತ್ತು. 1920ರ ದಶಕದಲ್ಲಿ ಡುಪಾಂಟ್‌ನವರ ಡ್ಯೂಕೊ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದ ಮೇಲೆ ಬಗೆಬಗೆಯ ಬಣ್ಣ ಬೇಗ ಒಣಗಿಸೋಕೆ ಆಯ್ತು.

ಸ್ಪ್ರೇಬೂತ್
ಲ್ಯಾಕರ್ ಮಾತು ಬಂದಿದ್ದು ಒಳ್ಳೇದಾಯ್ತು. ಮೊದಲನೇ ದಿನ ಥಿನ್ನರ್ ಮುಟ್ಟಬೇಡಿ ಅಂದಿದ್ದೆನಲ್ಲ, ಕಾರಣ ಅದೇ. ಕೆಲವು ಹಳೇ ಗಾಡಿಗಳಲ್ಲಿ, ಮುಖ್ಯವಾಗಿ ಅಮೆರಿಕದ ಗಾಡಿಗಳಲ್ಲಿ, ಲ್ಯಾಕರ್ ಇರುತ್ತೆ. ಥಿನ್ನರ್ ಬಿದ್ದರೆ ಕರಗಿ ಬಟ್ಟೆಗೆ ಬರುತ್ತೆ. ಎನಾಮೆಲ್ ಮೇಲೆ ಲ್ಯಾಕರ್ ಟಚ್‌ಅಪ್ ಹಾಕಿದರೆ ಕೆಳಗಿನ ಪದರ ಸುಕ್ಕುಗಟ್ಟಿ ಏಳುತ್ತೆ. ಅದಕ್ಕೇ ಕಾಣದ ಜಾಗದಲ್ಲಿ ಒಂದು ಹನಿ ಇಟ್ಟು ನೋಡಿಯೇ ಮುಂದೆ ಹೋಗಬೇಕು.

ದಂತವರ್ಣ79
ಸದ್ಯಕ್ಕೆ ಇಡೀ ಫೆಂಡರ್ ಪೇಂಟ್ ಮಾಡಿಸಲ್ಲ. ಗಾಡಿ ಪೂರ್ತಿ ಪಾಲಿಶ್ ಆಗಲಿ, ಆಮೇಲೆ ಯೋಚಿಸ್ತೀನಿ. ಆದರೆ ಗೀರನ್ನ ಮುಚ್ಚಲೇಬೇಕು, ತುಕ್ಕಿನ ಮಾತು ಕೇಳಿ ಭಯ ಆಗಿದೆ. ಫೆಂಡರ್‌ಗೆ ಕೂಡೋ ಹಾಗೆ ಬಾಟಲಿಯನ್ನ ನಾನೇ ತಿದ್ದಬಹುದಾ?

ಸ್ಪ್ರೇಬೂತ್
ತಿದ್ದಬಹುದು. ಇಡೀ ಬಾಟಲಿಗೆ ಕೈ ಹಾಕಬೇಡಿ. ಬಾಟಲಿ ಚೆನ್ನಾಗಿ ಕುಲುಕಿ. ತಳದಲ್ಲಿ ಪಿಗ್ಮೆಂಟ್ ಕೂತಿರುತ್ತೆ, ಮೂರು ನಿಮಿಷ ಕುಲುಕಿದರೂ ಕಡಿಮೆನೇ. ಒಂದು ಚಮಚದಷ್ಟು ಬೇರೆ ಪಾತ್ರೆಗೆ ತೆಗೀರಿ. ಅದೇ ಕಂಪನಿಯ, ಅದೇ ಥರದ ಬಿಳಿ ಪೇಂಟ್ ತನ್ನಿ. ಹಲ್ಲುಕಡ್ಡಿ ತುದಿಯಲ್ಲಿ ಒಂದು ಹನಿ ಹಾಕಿ, ಕಲಸಿ, ಕಾರ್ಡಿಗೆ ಹಚ್ಚಿ, ಪೂರ್ತಿ ಒಣಗಿಸಿ. ಒದ್ದೆ ಇರೋವಾಗ ತೀರ್ಪು ಕೊಡಬೇಡಿ, ಸಾದಾ ಬಣ್ಣ ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢ ಆಗುತ್ತೆ. ಎಷ್ಟು ಹನಿ ಹಾಕಿದ್ರಿ ಅಂತ ಪ್ರತಿ ಕಾರ್ಡಿನ ಹಿಂದೆ ಬರೆಯಿರಿ. ದಂತದ ಬಣ್ಣದಲ್ಲಿ ಬಿಳಿಗೆ ಹಳದಿ ಆಕ್ಸೈಡ್, ಒಂದು ಚೂರು ಕಪ್ಪು ಇರುತ್ತೆ. ಬಿಳಿ ಹಾಕಿದಾಗ ತೀರಾ ಶುಭ್ರ ಆಗಿಬಿಟ್ಟರೆ ಕಪ್ಪು ಬೇಕಾಗುತ್ತೆ. ಕಪ್ಪನ್ನ ಹಲ್ಲುಕಡ್ಡಿ ಬರೀ ತಾಗಿಸಿದಷ್ಟು ಮಾತ್ರ. ಅದು ಒಂದು ಹನಿ ಜಾಸ್ತಿ ಬಿದ್ದರೆ ವಾಪಸ್ ತರೋಕಾಗಲ್ಲ.

ಕಾರ್ಡಿನ ಗುಟ್ಟು ಒಂದಿದೆ. ಮಧ್ಯದಲ್ಲಿ ಪಂಚ್‌ನಿಂದ ತೂತು ಮಾಡಿ, ಸುತ್ತ ಬಣ್ಣ ಹಚ್ಚಿ. ಒಣಗಿದ ಮೇಲೆ ಫೆಂಡರ್ ಮೇಲಿಟ್ಟು ತೂತಿನೊಳಗೆ ನೋಡಿ. ತೂತಿನ ಅಂಚು ಕಾಣ್ತಿದ್ದರೆ ಬಣ್ಣ ಇನ್ನೂ ಕೂಡಿಲ್ಲ.

ಹಸಿರು ರೋಡ್‌ಸ್ಟರ್
ತೂತಿನ ಉಪಾಯ ನನಗೆ ಆಗಲೇ ಗೊತ್ತಿದ್ದಿದ್ದರೆ! ನಾನು ಕಾರ್ಡ್ ಪಕ್ಕದಲ್ಲಿಟ್ಟು ನೋಡ್ತಿದ್ದೆ. ಕಾರ್ಡಿನ ನೆರಳೇ ಮೋಸ ಮಾಡ್ತಿತ್ತು.

ತುಕ್ಕುವೈರಿ
ಹಚ್ಚೋ ಮುಂಚೆ ಗೀರನ್ನ ತಯಾರು ಮಾಡಿ. ಮೇಣ, ಪಾಲಿಶಿನ ಎಣ್ಣೆ ಎಲ್ಲ ಹೋಗಬೇಕು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಗೀರಿನೊಳಗೆ ಕಂದು ಚುಕ್ಕೆ ಕಂಡರೆ ಸೂಜಿ ತುದಿಯಲ್ಲಿ ಕೆರೆದು ತೆಗೀರಿ. ಕಬ್ಬಿಣ ಕಂಡರೆ ಅಲ್ಲಿಗೆ ಮಾತ್ರ ಎಪಾಕ್ಸಿ ಪ್ರೈಮರ್. ತುಕ್ಕಿನ ಮೇಲೆ ಪೇಂಟ್ ಹಾಕಿದರೆ ಅದು ಒಳಗೇ ಬೆಳೆದು ಗುಳ್ಳೆ ಏಳುತ್ತೆ.

ಪೇಂಟನ್ನ ಬಾಟಲಿಯ ಬ್ರಷ್‌ನಲ್ಲಿ ಹಚ್ಚಬೇಡಿ, ಅದು ದಪ್ಪ. ಹಲ್ಲುಕಡ್ಡಿ ಅಥವಾ ಸಣ್ಣ ಕುಂಚ. ಗೀರಿನ ಒಳಗೆ ಮಾತ್ರ ಹನಿ ಹರಿಯಲಿ, ಅಂಚಿನ ಮೇಲೆ ಬೇಡ. ತೆಳ್ಳಗೆ ನಾಲ್ಕೈದು ಸಲ, ನಡುವೆ ಒಣಗೋಕೆ ಬಿಡಿ. ಪೇಂಟ್ ಒಣಗ್ತಾ ಒಳಗೆ ಕುಗ್ಗುತ್ತೆ, ಹಾಗಾಗಿ ಕೊನೆಗೆ ಸುತ್ತಲಿಗಿಂತ ಒಂದು ಕೂದಲೆಳೆ ಎತ್ತರ ನಿಲ್ಲಬೇಕು. ಒಂದು ವಾರ ಬಿಟ್ಟು 2000 ನಂಬರ್ ವಾಟರ್ ಪೇಪರನ್ನ ಚಿಕ್ಕ ರಬ್ಬರ್ ತುಂಡಿಗೆ ಸುತ್ತಿ, ಸೋಪು ನೀರು ಹಾಕಿ ಮಟ್ಟ ಮಾಡಿ. ಆಮೇಲೆ 3000, ಆಮೇಲೆ ಪಾಲಿಶ್. ಫೆಂಡರ್‌ನಲ್ಲಿ 300 ಮೈಕ್ರಾನ್ ಇದೆ ಅಂತ ಧೈರ್ಯ ಬೇಡ, ಒಂದೇ ಜಾಗದಲ್ಲಿ ನಿಂತು ಉಜ್ಜಬೇಡಿ. ಬಾಗಿಲ ಅಂಚಿನಲ್ಲಂತೂ ಪೇಪರ್ ಬೇಡವೇ ಬೇಡ. ಅಂಚಿನಲ್ಲಿ ಪೇಂಟ್ ತೆಳ್ಳಗಿರುತ್ತೆ, ಎರಡು ಉಜ್ಜಿಗೆ ಪ್ರೈಮರ್ ಬಂದುಬಿಡುತ್ತೆ.

ಜಡ್240
ಇದನ್ನ ಬರೆದಿಟ್ಕೊಂಡೆ. ಸ್ಪ್ರೇ ಕ್ಯಾನ್ ತಗೊಳ್ಳಿ ಅಂದಿದ್ದ ನನ್ನ ಮಾತು ವಾಪಸ್ ತಗೋತೀನಿ.

ದಂತವರ್ಣ79
ಮೂರು ವಾರ ಆಯ್ತು. ಹನ್ನೊಂದು ಕಾರ್ಡ್ ಮಾಡಿದೆ. ಆರನೆಯದು ನೆರಳಲ್ಲಿ ಕೂಡ್ತು, ಬಿಸಿಲಲ್ಲಿ ಬಿಟ್ಟುಕೊಡ್ತು. ಒಂಬತ್ತನೆಯದಕ್ಕೆ ಕಪ್ಪು ಜಾಸ್ತಿ ಆಗಿ ಎಲ್ಲ ಚೆಲ್ಲಿ ಮತ್ತೆ ಶುರು ಮಾಡಿದೆ. ಹನ್ನೊಂದನೆಯದರ ತೂತು ಬಿಸಿಲಲ್ಲಿ, ಮೋಡದಲ್ಲಿ, ಶೆಡ್‌ನ ದೀಪದಲ್ಲಿ, ಮೂರರಲ್ಲೂ ಮಾಯ. ಹೆಂಡತಿಗೆ ಕಾರ್ಡ್ ಎಲ್ಲಿದೆ ಹೇಳು ಅಂದೆ. ತೂತು ಹುಡುಕೋಕೆ ಫೆಂಡರ್ ಮೇಲೆ ಬೆರಳಾಡಿಸಿದಳು.

ಗೀರಿನ ಒಂದು ಕಡೆ ಅಕ್ಕಪಕ್ಕದಲ್ಲಿ ಮೂರು ಕಂದು ಚುಕ್ಕೆ ಇದ್ದವು. ಸೂಜಿಯಲ್ಲಿ ಕೆರೆದೆ, ಪ್ರೈಮರ್ ಹಾಕಿದೆ. ಐದು ಪದರ ಪೇಂಟ್. ನಿನ್ನೆ ಉಜ್ಜಿ ಪಾಲಿಶ್ ಮುಗಿಸಿದೆ. ಗೊತ್ತಿರೋನು ಬಗ್ಗಿ ಓರೆಯಾಗಿ ನೋಡಿದರೆ ಕಾಣುತ್ತೆ. ನಿಂತು ನೋಡಿದರೆ ಇಲ್ಲ. ಬಾಗಿಲ ಅಂಚಿಗೆ ತಿದ್ದದ ಬಾಟಲಿಯನ್ನೇ ಹಾಕಿದೆ, ಅದು ಪೂರ್ತಿ ಕೂಡಿದೆ.

ಈಗ ಕಪಾಟಿನಲ್ಲಿ ಎರಡು ಬಾಟಲಿ. ಒಂದರ ಮೇಲೆ "623, ಬಾಗಿಲು, ಡಿಕ್ಕಿ, ಚಾವಣಿ, ಬಲ ಫೆಂಡರ್". ಇನ್ನೊಂದರ ಮೇಲೆ "ಎಡ ಫೆಂಡರ್ ಮಾತ್ರ, ಬಿಳಿ 14 ಹನಿ, ಕಪ್ಪು 1 ತಾಗು". ಹನ್ನೊಂದನೇ ಕಾರ್ಡ್ ಅದಕ್ಕೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೀನಿ.

ಸ್ಪ್ರೇಬೂತ್
ಬಾಟಲಿಯ ಕುತ್ತಿಗೆ ಒರೆಸಿ ಮುಚ್ಚಿದೀರಾ? ಅಲ್ಲಿ ಪೇಂಟ್ ಉಳಿದರೆ ಮುಚ್ಚಳ ಸರಿಯಾಗಿ ಕೂರಲ್ಲ. ಗಾಳಿ ಹೋಗಿ ಗಟ್ಟಿಯಾಗುತ್ತೆ.

ದಂತವರ್ಣ79
ಈಗ ಹೋಗಿ ಒರೆಸ್ತೀನಿ ಸರ್.